ರಿವರ್ಸ್ ಗೇರಿನ ಜಿಂಗಲ್ ಬೆಲ್ಸ್

ಎದುರು ಮನೆಯವರ ಕಾರು ಹಿಂದಕ್ಕೆ ಬರುವಾಗ ‘ಜಿಂಗಲ್ ಬೆಲ್ಸ್’ ಹಾಡುತ್ತದೆ. ಯುಗಾದಿಯ ಬೆಳಿಗ್ಗೆ ಮಾವಿನೆಲೆ ತೋರಣ ಕಟ್ಟುತ್ತಿದ್ದರೂ ಅದೇ ಹಾಡು. ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಹಾಡಿನ ಜಾತಕ ಓದಿದೆ, ನಗೋದು ಬಿಟ್ಟೆ.

ಕ್ರಿಸ್‌ಮಸ್ ಹಾಡು ಅಂತಾರೆ, ಇದರಲ್ಲಿ ಕ್ರಿಸ್‌ಮಸ್ಸೇ ಇಲ್ಲ. ಏಸು ಇಲ್ಲ, ಸಾಂತಾ ಇಲ್ಲ, ಡಿಸೆಂಬರ್ ಅನ್ನೋ ಮಾತೂ ಇಲ್ಲ. ಇರುವುದು ಹಿಮ, ಕುದುರೆ, ಅದು ಹಿಮದ ಮೇಲೆ ಎಳೆಯುವ ಜಾರುಬಂಡಿ. ಬರೆದವನು ಅಮೆರಿಕದ ಜೇಮ್ಸ್ ಪಿಯರ್‌ಪಾಂಟ್. 1857ರಲ್ಲಿ ಬೋಸ್ಟನ್‌ನಲ್ಲಿ ಅಚ್ಚಾದಾಗ ಹೆಸರು ‘ಒನ್ ಹಾರ್ಸ್ ಓಪನ್ ಸ್ಲೇ’, ಅಂದರೆ ಒಂಟಿ ಕುದುರೆಯ ತೆರೆದ ಜಾರುಬಂಡಿ. ಎರಡು ವರ್ಷ ಬಿಟ್ಟು ಈಗಿನ ಹೆಸರು ಬಂತು. ಮೊದಲು ಹಾಡಿದ್ದು ಚರ್ಚಿನಲ್ಲಲ್ಲ, ಬೋಸ್ಟನ್‌ನ ಆರ್ಡ್‌ವೇ ಹಾಲ್‌ನಲ್ಲಿ, ಅದೂ ಸೆಪ್ಟೆಂಬರಿನಲ್ಲಿ. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುತ್ತಿದ್ದ ಆಟದಲ್ಲಿ. ಇದು ಗೊತ್ತಾದ ದಿನ ಬಾಯಿ ಸ್ವಲ್ಪ ಕಹಿಯಾಯಿತು.

ಈಗ ಅಮೆರಿಕದ ಮೆಡ್‌ಫರ್ಡ್, ಸವಾನಾ ಎರಡೂ ಊರಿನವರು ಹಾಡು ಹುಟ್ಟಿದ್ದು ನಮ್ಮಲ್ಲೇ ಅಂತ ಫಲಕ ಹಾಕಿಕೊಂಡಿದ್ದಾರೆ. ಪಿಯರ್‌ಪಾಂಟ್ ಆರ್ಗನ್ ನುಡಿಸುತ್ತಿದ್ದ ಸವಾನಾದಲ್ಲಿ ಹಿಮ ಬೀಳುವುದೇ ಅಪರೂಪ! ಹನುಮ ಹುಟ್ಟಿದ್ದು ನಮ್ಮ ಅಂಜನಾದ್ರಿಯಲ್ಲೋ ತಿರುಮಲದಲ್ಲೋ ಅಂತ ಜಗಳ ಆಡಿದವರು ನಾವು. ನಮಗೆ ಇದೇನು ಹೊಸದಲ್ಲ ಬಿಡಿ.

ನನಗೆ ಹಿಡಿಸಿದ್ದು ಆ ಗಂಟೆಗಳ ಕಥೆ. ಜಾರುಬಂಡಿಗೆ ಚಕ್ರ ಇಲ್ಲ, ಗಡಗಡ ಅನ್ನೋದಿಲ್ಲ. ಗೊರಸಿನ ಸದ್ದನ್ನು ಹಿಮ ನುಂಗುತ್ತದೆ. ತಿರುವಿನಲ್ಲಿ ಬೆಕ್ಕಿನ ಹಾಗೆ ಬಂದು ಮೈಮೇಲೆ ಬಿದ್ದರೆ? ಅದಕ್ಕೇ ಕುದುರೆಗೆ ಗಂಟೆ ಕಟ್ಟುತ್ತಿದ್ದರು, ನಮ್ಮ ಎತ್ತುಗಳ ಕೊರಳಿಗೆ ಕಟ್ಟುವ ಹಾಗೆ. ಅಂದರೆ ಆ ಕಿಣಿಕಿಣಿ ‘ದಾರಿ ಬಿಡಿ, ಬರ್ತಾ ಇದ್ದೀವಿ’ ಅನ್ನೋ ಹಾರ್ನು. ಕ್ರಿಸ್‌ಮಸ್ ಕ್ಯಾರಲ್ ಹಾಡುವವರಿಗಿಂತ ಎದುರು ಮನೆಯವರೇ ಅದನ್ನು ಸರಿಯಾಗಿ ಬಳಸುತ್ತಿದ್ದಾರೆ ಅಲ್ವಾ?

ಎರಡನೇ ಚರಣ ಹೆಚ್ಚಿನವರು ಹಾಡುವುದಿಲ್ಲ. ಅದರಲ್ಲಿ ನಾಯಕ ಫ್ಯಾನಿ ಬ್ರೈಟ್ ಎಂಬ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಜಂಬದಿಂದ ಹೊರಡುತ್ತಾನೆ. ಬಡಕಲು ಕುದುರೆ ಹಿಮದ ದಿಬ್ಬಕ್ಕೆ ನುಗ್ಗುತ್ತದೆ. ಬಂಡಿ ಮಗುಚಿಕೊಳ್ಳುತ್ತದೆ.

ಮೊನ್ನೆ ಸಂಜೆ ಗೇಟಿನ ಹತ್ತಿರ ನಿಂತಿದ್ದೆ. ಹಾಡು ಶುರುವಾಯಿತು. ‘ಸಾರ್, ಸಾರ್’ ಅನ್ನುವಷ್ಟರಲ್ಲಿ ನಮ್ಮ ದಾಸವಾಳದ ಕುಂಡ ಮಗುಚಿ, ಮಣ್ಣೆಲ್ಲ ರಸ್ತೆಗೆ ಚೆಲ್ಲಿತ್ತು.

ಅವರು ಕಿಟಕಿಯಿಂದ ತಲೆ ಹಾಕಿ ನೋಡಿದರು. ‘ಹಾರ್ನ್ ಆಗ್ತಾ ಇತ್ತಲ್ಲ ಸಾರ್!’