ಗೇರ್ ಹಗುರ ಇದ್ದರೆ ಸಾಕಾ?

ಹೊಸ ಕಾರು ತಗೊಂಡವರನ್ನು ಗೇರ್ ಹೇಗಿದೆ ಅಂತ ಕೇಳಿ ನೋಡಿ. "ಬೆಣ್ಣೆ ಮಾರಾಯ್ರೆ, ಬೆಣ್ಣೆ!" ಶೋರೂಮಿನ ಹುಡುಗ ಹೇಳುವುದೂ ಅದೇ, ಯೂಟ್ಯೂಬಿನಲ್ಲಿ ರಿವ್ಯೂ ಮಾಡುವವರು ಹೇಳುವುದೂ ಅದೇ. ನನಗೆ ಈ ಹೊಗಳಿಕೆ ಯಾವತ್ತೂ ಹಿಡಿಸಿಲ್ಲ. ಬೆಣ್ಣೆಯಲ್ಲಿ ಬೆರಳು ಎಲ್ಲಿ ಒತ್ತಿದರೂ ಇಳಿಯುತ್ತದೆ. ಗೇರ್ ಹಾಗೆ ಇಳಿಯಬಾರದು. ಅದಕ್ಕೊಂದು ಜಾಗ ಇದೆ. ಆ ಜಾಗಕ್ಕೆ ಬಂತಾ ಇಲ್ವಾ ಅಂತ ಕೈಗೆ ಗೊತ್ತಾಗಬೇಕು.

ನಾನು ಕಾಸರಗೋಡಿನ ಒಳಭಾಗದವನು, ಬದಿಯಡ್ಕ-ಪೆರ್ಲ ಕಡೆ. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಆರು ಲೇನ್ ಆಗಿದೆ, ಅಲ್ಲಿ ಟಾಪ್ ಗೇರ್ ಹಾಕಿ ಕೂತರೆ ಕೆಲಸ ಮುಗಿಯಿತು. ಆದರೆ ಚೆರ್ಕಳದಲ್ಲಿ ತಿರುಗಿ ಎಡನೀರು ಕಡೆ ಬಂದಿರೋ, ಅಥವಾ ಮುಳ್ಳೇರಿಯ ದಾಟಿ ಆದೂರು, ಜಾಲ್ಸೂರು ಅಂತ ಹೊರಟಿರೋ, ಎಡಗೈಗೆ ಬಿಡುವು ಇಲ್ಲ. ಗುಡ್ಡ ಹತ್ತಬೇಕು, ತೋಡಿಗೆ ಇಳಿಯಬೇಕು, ಮತ್ತೆ ಹತ್ತಬೇಕು. ಅದೂ ಸಾಲದು ಅಂತ ತೋಟ, ಮನೆ ಎಲ್ಲ ಕೆಳಗೆ, ರಸ್ತೆ ಮೇಲೆ. ಎರಡೂ ಕಡೆ ಮುರಕಲ್ಲಿನ ಬರೆ, ನಡುವೆ ಒಂದೇ ಗಾಡಿ ಹೋಗುವಷ್ಟು ದಾರಿ. ಇಲ್ಲಿ ಓಡಿಸುವುದು ಅಂದರೆ ಸೆಕೆಂಡು, ಥರ್ಡು, ಮತ್ತೆ ಸೆಕೆಂಡು. ಹಾಗಾಗಿ ನನ್ನ ಅಭಿಪ್ರಾಯ ಸ್ವಲ್ಪ ಏಕಪಕ್ಷೀಯ ಅಂತ ಬೇಕಾದರೆ ಹೇಳಿ, ಪರವಾಗಿಲ್ಲ.

ನನ್ನ ಮಾತು ಇಷ್ಟೇ. ಗೇರ್‌ಬಾಕ್ಸ್ ಖುಷಿ ಕೊಡುವುದು ಅದು ಹಗುರ ಅನ್ನುವ ಕಾರಣಕ್ಕಲ್ಲ. ಅದು ಕೈಗೆ ಉತ್ತರ ಕೊಡುತ್ತದೆ, ಅದಕ್ಕೆ.

ಉತ್ತರ ಎಲ್ಲಿಂದ ಬರುತ್ತದೆ ಅಂತ ತಿಳಿಯಲು ಸ್ವಲ್ಪ ಒಳಗೆ ಇಣುಕಬೇಕು. ಗೇರ್ ಹಾಕುವಾಗ ಎರಡು ಹಲ್ಲುಚಕ್ರಗಳನ್ನು ಹತ್ತಿರ ತಂದು ಜೋಡಿಸುತ್ತೇವೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಈಗಿನ ಕಾರುಗಳಲ್ಲಿ ಹಾಗಿಲ್ಲ. ಮುಂದಕ್ಕೆ ಹೋಗುವ ಗೇರುಗಳ ಚಕ್ರಗಳೆಲ್ಲ ಜೋಡಿ ಜೋಡಿಯಾಗಿ ಯಾವಾಗಲೂ ಕಚ್ಚಿಕೊಂಡೇ ಇರುತ್ತವೆ. ಪ್ರತಿ ಜೋಡಿಯಲ್ಲಿ ಒಂದು ಚಕ್ರ ಮಾತ್ರ ಶಾಫ್ಟಿಗೆ, ಅಂದರೆ ನಡುವಿನ ತಿರುಗುವ ದಂಡಕ್ಕೆ, ಸೇರಿಕೊಂಡಿರುವುದಿಲ್ಲ, ಅದರ ಮೇಲೆ ಸುಮ್ನೆ ತಿರುಗುತ್ತಿರುತ್ತದೆ. ನಾವು ಲಿವರ್ ಎಳೆದಾಗ ಒಳಗೆ ಕವಲಿನಂಥ ಒಂದು ಫೋರ್ಕ್ ಒಂದು ಸ್ಲೀವನ್ನು, ಅಂದರೆ ಶಾಫ್ಟಿನ ಉದ್ದಕ್ಕೆ ಜಾರುವ ಉಂಗುರವನ್ನು, ತಳ್ಳುತ್ತದೆ. ಆ ಸ್ಲೀವ್ ಹೋಗಿ ನಮಗೆ ಬೇಕಾದ ಚಕ್ರವನ್ನು ಶಾಫ್ಟಿಗೆ ಲಾಕ್ ಮಾಡುತ್ತದೆ. ಗೇರ್ ಬಿತ್ತು ಅನ್ನುವುದು ಇದಕ್ಕೆ.

ತೊಂದರೆ ಏನಂದರೆ ಚಕ್ರದ ವೇಗ ಒಂದು, ಶಾಫ್ಟಿನ ವೇಗ ಇನ್ನೊಂದು. ಹಾಗೇ ತಳ್ಳಿದರೆ ಕರ್ರ್ ಅಂತ ಕಿರುಚುತ್ತದೆ. ಅದಕ್ಕೇ ನಡುವೆ ಸಿಂಕ್ರೊ ರಿಂಗ್ ಅಂತ ಒಂದು ಬಳೆ ಇದೆ, ಹೆಚ್ಚಾಗಿ ಹಿತ್ತಾಳೆಯದ್ದು. ಅದು ಮೊದಲು ಚಕ್ರದ ಶಂಕುವಿನಾಕಾರದ ಬದಿಯ (ಕೋನ್) ಮೇಲೆ ಒತ್ತಿ ಉಜ್ಜುತ್ತದೆ. ವೇಗ ಎರಡೂ ಒಂದಾಗುವ ತನಕ ತನ್ನ ಹಲ್ಲು ಅಡ್ಡ ಇಟ್ಟು ಸ್ಲೀವನ್ನು ಮುಂದೆ ಬಿಡುವುದಿಲ್ಲ. ಒಂದಾದ ತಕ್ಷಣ ಸ್ವಲ್ಪ ಪಕ್ಕಕ್ಕೆ ಸರಿದು ದಾರಿ ಕೊಡುತ್ತದೆ. ಸ್ಲೀವ್ ಒಳಗೆ ಹೋಗುತ್ತದೆ. ಆಮೇಲೆ ಹಿಂದಿನಿಂದ ಸ್ಪ್ರಿಂಗ್ ಒತ್ತುತ್ತಿರುವ ಸಣ್ಣದೊಂದು ಉಕ್ಕಿನ ಗುಂಡು ತನ್ನ ಕುಳಿಗೆ ಬೀಳುತ್ತದೆ. ಟಕ್!

ಇದೆಲ್ಲ ಆಗಲು ಒಂದು ಸೆಕೆಂಡೂ ಬೇಡ. ಆದರೆ ಒಳ್ಳೆಯ ಗೇರ್‌ಬಾಕ್ಸಿನಲ್ಲಿ ಇದರ ಪ್ರತಿ ಹಂತವೂ ಅಂಗೈಗೆ ಸಿಗುತ್ತದೆ. ಮೊದಲು "ತಡೆ, ಬರ್ತೇನೆ" ಅನ್ನುವ ಸಣ್ಣ ಬಿಗಿ. ಆಮೇಲೆ ಆ ಬಿಗಿ ತಾನಾಗಿ ಕರಗುವುದು. ಕೊನೆಗೆ ಗಟ್ಟಿಯಾಗಿ ಕೂರುವುದು. ಆ ಬಿಗಿಯೇ ಬೇಡ ಅಂತ ತೆಗೆದುಹಾಕಿದರೆ ಖುಷಿಯ ಅರ್ಧ ಭಾಗ ಅಲ್ಲಿಗೇ ಹೋಯಿತು. ಕೆಲವು ಹೊಸ ಕಾರುಗಳಲ್ಲಿ ಗೇರ್ ಬಿದ್ದದ್ದೇ ಗೊತ್ತಾಗುವುದಿಲ್ಲ. ಕ್ಲಚ್ ಬಿಟ್ಟ ಮೇಲೆ ಗಾಡಿ ಮುಂದೆ ಹೋದರೆ ಬಿದ್ದಿದೆ ಅಂತ ಲೆಕ್ಕ. ಅದನ್ನೇ ಹಗುರ ಅಂತ ಹೊಗಳುತ್ತಾರೆ.

ಈ ಸಿಂಕ್ರೊ ಬಂದದ್ದು 1928ರಲ್ಲಿ, ಅಮೆರಿಕದ ಕ್ಯಾಡಿಲ್ಯಾಕ್ ಕಾರುಗಳಲ್ಲಿ. ಅರ್ಲ್ ಥಾಂಪ್ಸನ್ ಅನ್ನುವ ಎಂಜಿನಿಯರ್ ಮಾಡಿದ್ದು. ಅದಕ್ಕೆ ಮೊದಲು ಈ ವೇಗ ಹೊಂದಿಸುವ ಕೆಲಸ ಡ್ರೈವರನ ಕಾಲಿನದ್ದೇ. ನಮ್ಮ ಊರಿಗೂ ಅದೇನು ಪುರಾಣ ಕಾಲದ ವಿಷಯ ಅಲ್ಲ. ಹಳೇ ಮೂರು ಗೇರಿನ ವಿಲ್ಲಿಸ್ ಜೀಪಿಗೆ ಫಸ್ಟ್ ಗೇರಿನಲ್ಲಿ ಸಿಂಕ್ರೊ ಇರಲಿಲ್ಲ. ಮೊದಮೊದಲಿನ ಅಂಬಾಸಡರಿಗೂ ಇರಲಿಲ್ಲ. ಏರಿನ ಅರ್ಧದಲ್ಲಿ ಫಸ್ಟ್ ಬೇಕು ಅಂತಾದರೆ ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿ, ಕ್ಲಚ್ ಬಿಟ್ಟು ಒಂದು ಸಲ ಆಕ್ಸಿಲರೇಟರ್ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಗೇರ್ ಹಾಕಬೇಕು. ಅಡಿಕೆ ಮೂಟೆ ಹೇರಿಕೊಂಡು, ಹಿಂದೆ ನಾಲ್ಕು ಜನ ನೇತಾಡುತ್ತಿರುವಾಗ ಸರ್ವಿಸ್ ಜೀಪಿನವರು ಇದನ್ನು ಬೀಡಿ ಬಾಯಲ್ಲಿಟ್ಟುಕೊಂಡೇ ಮಾಡುತ್ತಿದ್ದರು. ಅವರಿಗೆ ಯಾರೂ ರೇಸಿಂಗ್ ಡ್ರೈವರ್ ಅಂತ ಹೇಳಲಿಲ್ಲ.

ಜೀಪಿನ ಇನ್ನೊಂದು ಗುಣ, ಲಿವರ್ ನೇರ ಗೇರ್‌ಬಾಕ್ಸಿನ ತಲೆಯ ಮೇಲೇ ನಿಂತಿರುತ್ತದೆ. ಎಂಜಿನ್ ನಡುಗಿದರೆ ಲಿವರೂ ನಡುಗುತ್ತದೆ. ದೂರ ದೂರಕ್ಕೆ ಎಳೆಯಬೇಕು, ಭಾರವೂ ಹೌದು, ಆದರೆ ಸುಳ್ಳು ಇಲ್ಲ. ಮುಂದಿನ ಚಕ್ರ ಎಳೆಯುವ ಈಗಿನ ಕಾರುಗಳಲ್ಲಿ ಎಂಜಿನ್ನೂ ಗೇರ್‌ಬಾಕ್ಸೂ ಬಾನೆಟ್ ಒಳಗೆ ಅಡ್ಡ ಮಲಗಿರುತ್ತವೆ. ಲಿವರ್ ಇರುವುದು ನಮ್ಮ ಪಕ್ಕದಲ್ಲಿ. ನಡುವೆ ಎರಡು ಕೇಬಲ್. "ಕೇಬಲ್ ಬಂದ ಮೇಲೆ ಮಜಾ ಹೋಯ್ತು" ಅಂತ ಹಳಬರು ಹೇಳುತ್ತಾರೆ. ನಾನು ಅಷ್ಟು ಒಪ್ಪುವುದಿಲ್ಲ. ಕೇಬಲ್ ಚೆನ್ನಾಗಿದ್ದರೆ ಕೈಗೆ ಬೇಕಾದ ಸುದ್ದಿ ಬರುತ್ತದೆ, ಬೇಡದ ನಡುಕ ಬರುವುದಿಲ್ಲ. ಹಾಳು ಮಾಡುವುದು ಕೇಬಲ್ ಅಲ್ಲ, ಅದರ ತುದಿಯ ಬುಶ್, ಅಂದರೆ ಅಲ್ಲಿ ಕೂರುವ ಸಣ್ಣ ಬಳೆ. ಹಳೇ ಕಾರಿನಲ್ಲಿ ಥರ್ಡ್ ಹುಡುಕಬೇಕಾಗುತ್ತದೆ, ಲಿವರ್ ಗೇರಿನಲ್ಲಿ ಇದ್ದರೂ ಅಲ್ಲಾಡುತ್ತದೆ ಅಂತಾದರೆ ಗೇರ್‌ಬಾಕ್ಸೇ ಹೋಯಿತು ಅಂತ ಹೆದರಬೇಡಿ. ನಮ್ಮ ಪೇಟೆಯ ಮೆಕ್ಯಾನಿಕ್ ಒಬ್ಬರಿದ್ದಾರೆ, ನಾವೆಲ್ಲ ಇಚ್ಚ ಅಂತ ಕರೆಯುವುದು. ಅವರು ಬಾಕ್ಸ್ ಇಳಿಸುವ ಮಾತು ಎತ್ತುವುದಿಲ್ಲ. ಮೊದಲು ಬುಶ್ ನೋಡುತ್ತಾರೆ, ಆಮೇಲೆ ಆಯಿಲ್. ಆಯಿಲ್ ಕೂಡ ಸಿಕ್ಕಿದ್ದು ಹಾಕುವ ಹಾಗಿಲ್ಲ. ಡಬ್ಬದ ಮೇಲೆ ಜಿಎಲ್-4, ಜಿಎಲ್-5 ಅಂತ ಬರೆದಿರುತ್ತದೆ. 5 ಜಾಸ್ತಿ ಅಲ್ವಾ, ಒಳ್ಳೇದೇ ಇರಬೇಕು ಅಂತ ಹಾಕಿಬಿಡುತ್ತಾರೆ. ಆದರೆ ಕೆಲವು ಜಿಎಲ್-5 ಆಯಿಲಿನಲ್ಲಿರುವ ಗಂಧಕದ ಅಂಶ ಹಿತ್ತಾಳೆಯ ರಿಂಗನ್ನು ತಿನ್ನುತ್ತದೆ. ಕಾರಿನ ಪುಸ್ತಕದಲ್ಲಿ ಏನು ಬರೆದಿದೆಯೋ ಅದನ್ನೇ ಹಾಕಿಸಿ.

ಲಿವರಿನ ಬಗ್ಗೆ ಯಾರೂ ಗಮನಿಸದ ಒಂದು ವಿಷಯ ಹೇಳಬೇಕು. ನ್ಯೂಟ್ರಲಿನಲ್ಲಿ ಕೈ ಬಿಟ್ಟರೆ ಅದು ತಾನಾಗಿ ಬಂದು ಥರ್ಡ್-ಫೋರ್ತ್ ಸಾಲಿಗೆ ನಿಲ್ಲುತ್ತದೆ, ಸ್ಪ್ರಿಂಗ್ ಹಾಗೆ ಇಟ್ಟಿರುತ್ತಾರೆ. ಸೆಕೆಂಡಿನಿಂದ ಥರ್ಡಿಗೆ ಹಾಕುವಾಗ ನಾವು ಬಲಕ್ಕೆ ತಳ್ಳಬೇಕಾಗಿಲ್ಲ. ಮುಂದಕ್ಕೆ ತಳ್ಳಿದರೆ ಸಾಕು, ಪಕ್ಕದ ದಾರಿ ಸ್ಪ್ರಿಂಗ್ ನೋಡಿಕೊಳ್ಳುತ್ತದೆ. ಕೈ ಬಿಗಿ ಹಿಡಿದು ತಾವೇ ದಾರಿ ತೋರಿಸಲು ಹೋಗುವವರು ಥರ್ಡ್ ಬದಲು ಫಿಫ್ತಿಗೆ ಹಾಕುತ್ತಾರೆ. ಈ ಸ್ಪ್ರಿಂಗಿನ ಬಲ ಎಷ್ಟಿರಬೇಕು ಅನ್ನುವುದರಲ್ಲೇ ಕಂಪನಿಯವರ ಜಾಣತನ ಕಾಣುತ್ತದೆ. ಜಾಸ್ತಿಯಾದರೆ ಸೆಕೆಂಡಿಗೆ ಎಳೆಯುವಾಗ ಜಗಳ. ಕಡಿಮೆಯಾದರೆ ಲಿವರ್ ಅನಾಥ.

ಇಷ್ಟೆಲ್ಲ ಸರಿ ಇದ್ದೂ ಕಾರು ಬೇಸರ ತರಿಸಬಹುದು, ಯಾಕಂದರೆ ಲಿವರ್ ಒಂದೇ ಅಲ್ಲವಲ್ಲ. ಸೆಕೆಂಡಿಗೂ ಥರ್ಡಿಗೂ ನಡುವಿನ ಅಂತರ ನೋಡಿ. ಮೈಲೇಜ್ ಬರಲಿ ಅಂತ ಥರ್ಡನ್ನು ಉದ್ದ ಮಾಡಿಟ್ಟ, ಅಂದರೆ ಅದೇ ವೇಗಕ್ಕೆ ಎಂಜಿನ್ ನಿಧಾನ ತಿರುಗುವ ಹಾಗೆ ಇಟ್ಟ, ಸಣ್ಣ ಕಾರುಗಳು ನಮ್ಮ ಏರಿನಲ್ಲಿ ಒದ್ದಾಡುತ್ತವೆ. ಸೆಕೆಂಡಿನಲ್ಲಿ ಎಂಜಿನ್ ಕೂಗುತ್ತದೆ, ಥರ್ಡಿಗೆ ಹಾಕಿದರೆ ಉಸಿರು ಬಿಡುತ್ತದೆ. ಟರ್ಬೊ ಎದ್ದೇಳಲು ಹೊತ್ತು ತೆಗೆದುಕೊಳ್ಳುವ ಸಣ್ಣ ಡೀಸೆಲ್ ಆದರೆ ಇನ್ನೂ ಕಷ್ಟ. ಎರಡೂ ಸರಿಯಾಗದ ಆ ಏರಿನಲ್ಲಿ ಲಿವರ್ ಎಷ್ಟು ಚೆಂದ ಇದ್ದರೇನು?

ಇನ್ನೊಂದು ಕಿರಿಕಿರಿ ಈಚಿನದ್ದು. ಕ್ಲಚ್ ಒತ್ತಿ ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಸ್ಪೀಡ್ ತಕ್ಷಣ ಇಳಿಯುವುದಿಲ್ಲ, ಅಲ್ಲೇ ತೂಗುತ್ತಿರುತ್ತದೆ. ಹಳೇ ಕಾರುಗಳಲ್ಲಿ ಪೆಡಲಿನಿಂದ ಎಂಜಿನಿಗೆ ತಂತಿ ಇತ್ತು. ಈಗ ಪೆಡಲ್ ಬರೀ ಸಿಗ್ನಲ್ ಕೊಡುತ್ತದೆ, ತೀರ್ಮಾನ ಕಂಪ್ಯೂಟರಿನದ್ದು. ಎಂಜಿನಿಗೆ ಗಾಳಿ ಹೋಗುವ ದಾರಿ ಒಮ್ಮೆಲೇ ಮುಚ್ಚಿದರೆ ಪೂರ್ತಿ ಉರಿಯದ ಹೊಗೆ ಜಾಸ್ತಿ ಹೋಗುತ್ತದೆ ಅಂತ ಅದು ನಿಧಾನ ಮುಚ್ಚುತ್ತದೆ. 2020ರ ಏಪ್ರಿಲಿನಿಂದ ಬಿಎಸ್-6 ನಿಯಮ ಬಂದಿದೆ, ಹೊಗೆ ಕಡಿಮೆಯಾಗಲೇಬೇಕು, ಅದರಲ್ಲಿ ತಕರಾರು ಇಲ್ಲ. ಆದರೆ ಕೈ ಥರ್ಡಿಗೆ ಹೋಗಿ ಮುಗಿಯಿತು, ಎಂಜಿನ್ ಇನ್ನೂ ಸೆಕೆಂಡಿನ ಗುಂಗಿನಲ್ಲೇ ಇದೆ. ಕ್ಲಚ್ ಬಿಟ್ಟರೆ ಒಂದು ದೂಡು. ನಾವು ಗೇರ್ ಹಾಕುವುದನ್ನೇ ನಿಧಾನ ಮಾಡಿಕೊಳ್ಳಬೇಕಾಗುತ್ತದೆ.

ದೂಡು ಅಂದಾಗ ನೆನಪಾಯಿತು. ಒಳ್ಳೆಯ ಗೇರ್ ಬದಲಾವಣೆಯ ಪರೀಕ್ಷೆ ಆಗಬೇಕಾದದ್ದು ಹಿಂದಿನ ಸೀಟಿನಲ್ಲಿ. ಪಾಣತ್ತೂರಿನಿಂದ ಕರಿಕೆ ದಾಟಿ ಭಾಗಮಂಡಲಕ್ಕೆ ಹತ್ತುವ ದಾರಿ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ. ಕಾಡು, ಅಗಲವಿಲ್ಲದ ರಸ್ತೆ, ತಿರುವಿನ ಮೇಲೆ ತಿರುವು. ತಲಕಾವೇರಿಗೆ ಅಂತ ಹೊರಟ ಕುಟುಂಬದಲ್ಲಿ ಒಬ್ಬರಾದರೂ ಪ್ಲಾಸ್ಟಿಕ್ ಚೀಲ ಹಿಡಿದು ಕೂತಿರುತ್ತಾರೆ. ನಮ್ಮ ಅತ್ತಿಗೆ ಓಡಿಸಿದರೆ ಆ ಚೀಲ ಹಾಗೇ ಮಡಚಿ ವಾಪಸು ಬರುತ್ತದೆ. ಥರ್ಡಿನಿಂದ ಸೆಕೆಂಡಿಗೆ ಇಳಿಸುವಾಗ ಅವರು ಆಕ್ಸಿಲರೇಟರನ್ನು ಚೂರು ಕೊಟ್ಟು ಎಂಜಿನ್ ಸ್ಪೀಡ್ ಏರಿಸಿ ಕ್ಲಚ್ ಬಿಡುತ್ತಾರೆ. ಯಾರ ತಲೆಯೂ ಅಲ್ಲಾಡುವುದಿಲ್ಲ. ಇದಕ್ಕೊಂದು ಹೆಸರಿದೆ ಅಂತಾಗಲಿ, ಇದರ ವಿಡಿಯೋ ಮಾಡಿ ಹಾಕುವವರಿದ್ದಾರೆ ಅಂತಾಗಲಿ ಅವರಿಗೆ ಗೊತ್ತಿಲ್ಲ. ಗೇರ್ ಹಾಕಿದ ಮೇಲೆ ಕೈ ತಿರುಗಿ ಸ್ಟಿಯರಿಂಗಿಗೆ ಹೋಗಿಬಿಡುತ್ತದೆ. ಅದೂ ಸರಿಯೇ. ಲಿವರ್ ಮೇಲೆ ಕೈ ಭಾರ ಬಿಟ್ಟು ಕೂತರೆ ಒಳಗಿನ ಫೋರ್ಕ್ ತಿರುಗುವ ಸ್ಲೀವಿಗೆ ಒತ್ತಿಕೊಂಡೇ ಇದ್ದು ಸವೆಯುತ್ತದೆ. ಇಳಿಯುವಾಗ ಕೂಡ ಬ್ರೇಕ್ ತುಳಿದುಕೊಂಡೇ ಬರುವ ಅಭ್ಯಾಸ ಅವರಿಗಿಲ್ಲ. ಹತ್ತಿದ ಗೇರಿನಲ್ಲೇ ಇಳಿ ಅಂತ ಹಿಂದಿನವರು ಹೇಳಿದ್ದು ಸುಮ್ನೆ ಅಲ್ಲ, ಎಂಜಿನ್ ಹಿಡಿದುಕೊಂಡರೆ ಬ್ರೇಕ್ ಬಿಸಿಯಾಗುವುದಿಲ್ಲ. "ಮ್ಯಾನುಯಲ್ ಓಡಿಸುವವನೇ ಗಂಡಸು" ಅಂತ ಮೀಸೆ ತಿರುವುವವರು ಒಮ್ಮೆ ಅತ್ತಿಗೆಯ ಹಿಂದೆ ಕೂತು ಬರಲಿ.

ಆಟೋಮ್ಯಾಟಿಕ್ ಬಗ್ಗೆ ನನಗೆ ದ್ವೇಷ ಇಲ್ಲ. ಬೆಂಗಳೂರಿನ ಸಂಜೆ ಟ್ರಾಫಿಕ್ಕಿನಲ್ಲಿ ಹಾಫ್ ಕ್ಲಚ್ಚಿನಲ್ಲಿ ತೆವಳುವುದರಲ್ಲಿ ಏನು ಸುಖ? ಮಂಡಿ ನೋವಿರುವವರು, ಈಗಷ್ಟೇ ಕಲಿಯುವವರು ಧಾರಾಳವಾಗಿ ತಗೊಳ್ಳಲಿ. ಆದರೆ ಅದರಲ್ಲೇ ಎಎಂಟಿ ಅನ್ನುವ ಬಗೆ ಮಾತ್ರ ನನ್ನನ್ನು ಯೋಚನೆಗೆ ಹಚ್ಚಿದೆ. 2014ರಲ್ಲಿ ಮಾರುತಿ ಸೆಲೆರಿಯೊದಲ್ಲಿ ಬಂತಲ್ಲ, ಅದು. ಅದರ ಒಳಗಿರುವುದು ಇದೇ ಮ್ಯಾನುಯಲ್ ಗೇರ್‌ಬಾಕ್ಸ್. ಅದೇ ರಿಂಗ್, ಅದೇ ಸ್ಲೀವ್, ಅದೇ ಕ್ಲಚ್. ನಮ್ಮ ಕೈಕಾಲಿನ ಬದಲು ಯಂತ್ರ ತಳ್ಳುತ್ತದೆ ಅಷ್ಟೆ. ಹಾಗಿದ್ದರೂ ಅದರಲ್ಲಿ ಯಾರಿಗೂ ಗೇರ್ ಬದಲಾಯಿಸಿದ ಸಂತೋಷ ಸಿಕ್ಕಿದ್ದು ನಾನು ಕೇಳಿಲ್ಲ. ನಾವು ಏನೂ ಕೇಳಲಿಲ್ಲ, ಅದು ಉತ್ತರ ಕೊಡುವುದು ಯಾರಿಗೆ?

ಮತ್ತೆ ಅದಕ್ಕೆ ಕಣ್ಣಿಲ್ಲ. ತಿರುವಿನ ಆಚೆ ಏರು ಇದೆ ಅಂತ ನನಗೆ ಗೊತ್ತು, ದಿನಾ ಹೋಗುವ ದಾರಿ. ಏರು ಶುರುವಾಗುವ ಮೊದಲೇ ಸೆಕೆಂಡಿಗೆ ಬಂದಿರುತ್ತೇನೆ. ಎಎಂಟಿ ಏರಿನಲ್ಲಿ ಅರ್ಧ ಸೋತ ಮೇಲೆ ಯೋಚನೆ ಮಾಡುತ್ತದೆ. ನನ್ನ ಮಟ್ಟಿಗೆ ಗೇರಿನ ದೊಡ್ಡ ಸುಖ ಇದೇ. ಗಾಡಿ ಕೇಳುವ ಮೊದಲೇ ಕೊಟ್ಟಿರುವುದು. ಆಗ ಸಿಂಕ್ರೊಗೂ ಜಾಸ್ತಿ ಕೆಲಸ ಇಲ್ಲ, ಲಿವರ್ ಎರಡು ಬೆರಳಿಗೆ ಬರುತ್ತದೆ. ಅದೇ ಗೇರ್‌ಬಾಕ್ಸ್ ತಡವಾಗಿ, ಅವಸರದಲ್ಲಿ ಎಳೆದರೆ ಗಡುಸು ಅನ್ನಿಸುತ್ತದೆ. ರಿವ್ಯೂಗಳಲ್ಲಿ ಬೈಸಿಕೊಂಡ ಎಷ್ಟೋ ಗೇರ್‌ಬಾಕ್ಸುಗಳು ಊರಿನವರ ಕೈಯಲ್ಲಿ ಚೆನ್ನಾಗಿಯೇ ಓಡುತ್ತಿವೆ.

ಎಲೆಕ್ಟ್ರಿಕ್ ಕಾರಿಗೆ ಹೀಗೆ ಬದಲಾಯಿಸುವ ಗೇರುಗಳೇ ಬೇಡ, ಸಾಮಾನ್ಯವಾಗಿ ಒಂದೇ ಸಾಕು. ಆದರೂ ಹ್ಯುಂಡೈಯವರು 2023ರಲ್ಲಿ ಅಯಾನಿಕ್ 5 ಎನ್ ಕಾರಿನಲ್ಲಿ ಇಲ್ಲದ ಎಂಟು ಗೇರುಗಳನ್ನು ನಟನೆ ಮಾಡಿ ತೋರಿಸಿದರು, ದೂಡು, ಶಬ್ದ ಎಲ್ಲ ಸೇರಿಸಿ. ನಗು ಬಂತು ನನಗೆ. ಆದರೆ ಜನ ಅದನ್ನೂ ಇಷ್ಟಪಟ್ಟಿದ್ದಾರೆ ಅಂದರೆ ಈ ಹುಚ್ಚು ನನ್ನೊಬ್ಬನದ್ದಲ್ಲ.

ಕಾರು ತಗೊಳ್ಳುವ ಯೋಚನೆಯಲ್ಲಿರುವವರಿಗೆ ಒಂದು ವಿನಂತಿ. ಟೆಸ್ಟ್ ಡ್ರೈವ್ ಅಂತ ಹೆದ್ದಾರಿಯಲ್ಲಿ ಒಂದು ಸುತ್ತು ಹಾಕಿಸಿ ಕಳಿಸುತ್ತಾರೆ, ಅದಕ್ಕೆ ಒಪ್ಪಬೇಡಿ. ಒಳಗಿನ ಯಾವುದಾದರೂ ಏರಿಗೆ ತಗೊಂಡು ಹೋಗಿ. ಎಸಿ ಆನ್ ಇರಲಿ, ಮನೆಯವರು ಹಿಂದೆ ಕೂತಿರಲಿ. ಥರ್ಡಿನಿಂದ ಸೆಕೆಂಡಿಗೆ ನಾಲ್ಕಾರು ಸಲ ಇಳಿಸಿ ನೋಡಿ, ಒಂದು ಸಲ ಅವಸರದಲ್ಲಿ, ಒಂದು ಸಲ ನಿಧಾನಕ್ಕೆ. ಏರಿನಲ್ಲೇ ನಿಲ್ಲಿಸಿ ರಿವರ್ಸ್ ಹಾಕಿ. ಎದುರಿನಿಂದ ಜೀಪು ಬಂದರೆ ನಮ್ಮ ಕಡೆ ಹಿಂದೆ ಹೋಗಬೇಕಾದವರು ಹೆಚ್ಚಾಗಿ ನಾವೇ. ಆಮೇಲೆ ಆ ಶೋರೂಮಿನ ಹುಡುಗ ಏನು ಬೇಕಾದರೂ ಹೇಳಲಿ.