ಸೈಟೊಕೈನ್ ಬಿರುಗಾಳಿ: ಐಸಿಯುನಲ್ಲಿ ಇಮ್ಯುನಿಟಿನ ಅದುಮೋದು ಸರೀನಾ?

ಪರ

ಕೋವಿಡ್ ನ್ಯುಮೋನಿಯಾದಲ್ಲಿ ಎಷ್ಟೋ ಜನಕ್ಕೆ ಮೊದಲ ವಾರ ಜ್ವರ ಕೆಮ್ಮು ಅಂತ ಹೇಗೋ ಕಳೆದುಹೋಗ್ತಿತ್ತು, ಎರಡನೇ ವಾರ ಶುರುವಾಗೋ ಹೊತ್ತಿಗೆ ರಕ್ತದ ಆಕ್ಸಿಜನ್ ಸ್ಯಾಚುರೇಷನ್ ಇಳಿಯೋದು, ಸಿಆರ್‌ಪಿ, ಫೆರಿಟಿನ್ ಅನ್ನೋ ಉರಿಯೂತದ ರಕ್ತಪರೀಕ್ಷೆ ರಿಪೋರ್ಟು ಏರ್ತಾ ಹೋಗೋದು, ಮಾತಾಡೋಕೂ ಉಸಿರು ಸಾಲ್ತಿರಲಿಲ್ಲ. ಅಷ್ಟೊತ್ತಿಗೆ ಸಾಮಾನ್ಯವಾಗಿ ವೈರಸ್ಸಿನ ಆರ್ಭಟ ಕಮ್ಮಿ ಆಗಿರುತ್ತೆ, ಶ್ವಾಸಕೋಶ ಹಾಳು ಮಾಡ್ತಿರೋದು ನಮ್ಮದೇ ರೋಗನಿರೋಧಕ ಶಕ್ತಿ. ಅದು ಸಂದೇಶ ಕಳಿಸೋಕೆ ಬಳಸೋ ಸೈಟೊಕೈನ್ ಅನ್ನೋ ಪ್ರೋಟೀನುಗಳು ಮಿತಿ ಮೀರಿ ಉಕ್ಕೋದಕ್ಕೇ ಸೈಟೊಕೈನ್ ಬಿರುಗಾಳಿ ಅನ್ನೋದು. ರಕ್ತನಾಳ ಸೋರಿ, ಗಾಳಿ ಇರಬೇಕಾದ ಜಾಗದಲ್ಲೆಲ್ಲ ನೀರು. ಆಗ ಬರೀ ಆಕ್ಸಿಜನ್ ಏರಿಸ್ತಾ ಕಾಯೋದು ರೋಗಿಗೆ ಮಾಡೋ ಅನ್ಯಾಯ ಅಂತಲೇ ನಾನು ಹೇಳ್ತೀನಿ.

2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಅನ್ನೋ ಔಷಧಿ ಟ್ರಯಲ್ ಇದನ್ನ ತೋರಿಸ್ತು. ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ (ಇಮ್ಯುನಿಟಿ ಅದುಮೋ ಸ್ಟೀರಾಯ್ಡ್), ಹೆಚ್ಚಂದ್ರೆ 10 ದಿನ, ಅಷ್ಟೇ. ವೆಂಟಿಲೇಟರ್ ಮೇಲಿದ್ದವರಲ್ಲಿ 28 ದಿನದೊಳಗಿನ ಸಾವು ಮಾಮೂಲಿ ಚಿಕಿತ್ಸೆಯಲ್ಲಿ 41.4% ಇದ್ರೆ ಇದನ್ನ ಕೊಟ್ಟೋರಲ್ಲಿ 29.3%. ದುಬಾರಿ ಔಷಧಿಯೂ ಅಲ್ಲ, ತಾಲ್ಲೂಕು ಆಸ್ಪತ್ರೆಯಲ್ಲೂ ಸಿಗೋ ಇಂಜೆಕ್ಷನ್ನು! ಆಮೇಲೆ ಸೈಟೊಕೈನಿನ ಕೆಲಸ ತಡೆಯೋ ಟೊಸಿಲಿಜುಮ್ಯಾಬ್ ಅನ್ನೋ ಔಷಧಿ ಕೂಡ, ಆಕ್ಸಿಜನ್ ಕಮ್ಮಿಯಾಗಿ ಸಿಆರ್‌ಪಿ ಏರಿದ್ದವರಲ್ಲಿ, ಸಾವನ್ನ 35%ರಿಂದ 31%ಗೆ ಇಳಿಸ್ತು.

ವಿರೋಧ

ಅದೇ ಟ್ರಯಲ್‌ನಲ್ಲಿ ಆಕ್ಸಿಜನ್ ಬೇಕಿಲ್ಲದವರ ಲೆಕ್ಕಾನೂ ನೋಡಿ, ಡೆಕ್ಸಾ ತಗೊಂಡೋರಲ್ಲಿ ಸಾವು 17.8%, ತಗೊಳ್ಳದವರಲ್ಲಿ 14%. ವ್ಯತ್ಯಾಸ ಕಾಕತಾಳೀಯ ಇರಬಹುದು, ಆದ್ರೆ ಲಾಭ ಅಂತೂ ಕಾಣಲಿಲ್ಲ. ಆದ್ರೂ 2021ರ ಎರಡನೇ ಅಲೆಯಲ್ಲಿ ಜ್ವರ ಬಂದ ಎರಡನೇ ದಿನಕ್ಕೇ ಸ್ಟೀರಾಯ್ಡ್ ಚೀಟಿ ವಾಟ್ಸಾಪಲ್ಲಿ ಓಡಾಡ್ತಿತ್ತು. ಶುಗರ್ ಇರೋರಿಗೆ ಶುಗರ್ ಇನ್ನೂ ಏರ್ತು, ಮೂಗಲ್ಲಿ ಕಪ್ಪು ಹಕ್ಕಳೆ, ಕೆನ್ನೆ ಜೋಮು, ಕಣ್ಣು ಊದೋದು. ಬ್ಲ್ಯಾಕ್ ಫಂಗಸ್! ಕಣ್ಣೇ ತೆಗೀಬೇಕಾದೋರಿದ್ರು, ಅದರ ಔಷಧಿ ಆಂಫೊಟೆರಿಸಿನ್‌ಗೆ ಮನೆಯವರು ಊರೂರು ಅಲೀಬೇಕಾಯ್ತು. ಎಲ್ಲಾ ಕೇಸಿಗೂ ಸ್ಟೀರಾಯ್ಡೇ ಕಾರಣ ಅಂತಲ್ಲ, ಆದ್ರೆ ದೊಡ್ಡ ಪಾಲು ಅದರದ್ದು.

ಇನ್ನು 'ಬಿರುಗಾಳಿ' ಅನ್ನೋದೇ ಎಲ್ಲರಿಗೂ ಹೊಂದಲ್ಲ. ಕೋವಿಡ್ ಸೀರಿಯಸ್ ಆದವರಲ್ಲಿ ಐಎಲ್-6 ಅನ್ನೋ ಸೈಟೊಕೈನು ಕಾರ್-ಟಿ (ರೋಗಿಯದೇ ರಕ್ಷಣಾ ಕೋಶಗಳನ್ನ ಮಾರ್ಪಡಿಸಿ ಕೊಡೋ) ಕ್ಯಾನ್ಸರ್ ಚಿಕಿತ್ಸೆಯಲ್ಲಿ ಏಳೋ ಬಿರುಗಾಳಿಗಿಂತ ಎಷ್ಟೋ ಪಟ್ಟು ಕಮ್ಮಿ ಇತ್ತು. ಕೆಲವರಲ್ಲಿ ಇಮ್ಯುನಿಟಿ ಸೋತು ಹೋಗಿರುತ್ತೆ, ಅಂಥವರನ್ನ ಇನ್ನೂ ಅದುಮಿದ್ರೆ ವೆಂಟಿಲೇಟರ್ ಪೈಪಿನಿಂದ ಬರೋ ಬ್ಯಾಕ್ಟೀರಿಯಾಗೆ ಬಾಗಿಲು ತೆಗೆದಂಗೆ. ಫ್ಲೂ ನ್ಯುಮೋನಿಯಾದಲ್ಲಿ ಸ್ಟೀರಾಯ್ಡ್ ಕೊಟ್ಟವರಲ್ಲೇ ಸಾವು ಜಾಸ್ತಿ ಅಂತ ಹಲವು ಅಧ್ಯಯನಗಳು ಹೇಳ್ತವೆ, ತುಂಬಾ ಸೀರಿಯಸ್ ಇದ್ದೋರಿಗೇ ಕೊಟ್ಟಿರೋದ್ರಿಂದ ಹಾಗೆ ಕಂಡಿರಬಹುದು ನಿಜ, ಆದ್ರೆ ಕೋವಿಡ್‌ನಲ್ಲಿ ಕೆಲಸ ಮಾಡ್ತು ಅಂತ ಫ್ಲೂ ರೋಗಿಗೂ ಅದೇ ಡೋಸ್ ಬರೆಯೋಕೆ ಅಷ್ಟು ಸಾಕಾಗಲ್ಲ.