ಹನ್ನೊಂದನೇ ರಗ್ಗು

ನಿನ್ನೆ ರಾತ್ರಿ ಹನ್ನೆರಡು ಗಂಟೆಗೆ ಕೆ.ಆರ್. ಮಾರ್ಕೆಟ್ ಫ್ಲೈಓವರ್ ಕೆಳಗೆ ಜಗಳ ಆಡಿಕೊಂಡು ಬಂದೆ. ಇನ್ನೂ ತಲೆ ಬಿಸಿ ಇದೆ, ಅದಕ್ಕೇ ಬರೀತಿದ್ದೇನೆ.

ನಮ್ಮ ಹೂವಿನ ಮಂಡಿ ನಿಮಗೆಲ್ಲ ಗೊತ್ತು. ಅಲ್ಲಿ ಮೂಟೆ ಹೊರುವ ಅಜ್ಜನೊಬ್ಬ ಇದ್ದಾನೆ, ಯಾದಗಿರಿ ಕಡೆಯವನು. ಒಂಬತ್ತಕ್ಕೆ ಮಲಗಿದರೆ ಮೂರಕ್ಕೆ ಏಳಬೇಕು, ಸೇವಂತಿಗೆ ಲೋಡು ಬರುತ್ತದೆ. ಇರುವ ನಿದ್ದೆ ಅಷ್ಟೇ. ಆ ನಿದ್ದೆಯ ಮಧ್ಯೆ ಒಂದೇ ಬಣ್ಣದ ಟೀಶರ್ಟಿನ ಎಂಟು ಹುಡುಗರು ಅವನನ್ನು ತಟ್ಟಿ ಎಬ್ಬಿಸಿ, ಕೈಗೆ ರಗ್ಗು ಕೊಟ್ಟು, 'ಅಜ್ಜ, ಸ್ವಲ್ಪ ಈ ಕಡೆ ನೋಡಿ' ಅನ್ನುತ್ತಿದ್ದರು. ಕಣ್ಣಿಗೆ ಫ್ಲಾಶು. ಅಜ್ಜ ಹೊದ್ದಿದ್ದ ರಗ್ಗು ಹೋದ ವಾರ ಇನ್ಯಾರೋ ಕೊಟ್ಟಿದ್ದು. ಅದು ಫೋಟೋದಲ್ಲಿ ಕಾಣಬಾರದು ಅಂತ ಒಬ್ಬ ಮಹಾನುಭಾವ ಎಳೆದು ಪಕ್ಕಕ್ಕೂ ಇಟ್ಟ!

ಕೊಡೋದು ತಪ್ಪಾ? ಅಲ್ಲ. ಡಿಸೆಂಬರ್ ಚಳಿ ಚಳಿಯೇ. ಆದರೆ ಮಲಗಿದವನನ್ನು ಎಬ್ಬಿಸಿ ಯಾಕೆ? ಕಾಲ ಬಳಿ ಇಟ್ಟು ಬಂದರೆ ರಗ್ಗು ಬೆಚ್ಚಗಿರಲ್ವಾ?

'ಫೋಟೋ ಹಾಕಿದರೇ ದುಡ್ಡು ಬರೋದು ಸಾರ್, ಕೊಟ್ಟವರಿಗೆ ಲೆಕ್ಕ ತೋರಿಸಬೇಕು' ಅಂದ ಅವರ ಲೀಡರ್. ಲೆಕ್ಕ ತಾನೇ? ರಗ್ಗಿನ ಬಂಡಲ್ ಫೋಟೋ ಹಾಕಿ, ಅಂಗಡಿ ಬಿಲ್ ಹಾಕಿ. ಮುಖ ಯಾಕೆ ಬೇಕು?

ಇನ್ನೊಬ್ಬ 'ಭಿಕ್ಷುಕರಿಗೂ ಪ್ರೈವೆಸಿ ಬೇಕಾ' ಅಂದ. ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಅಯ್ಯಾ, ಅಲ್ಲಿ ಮಲಗುವವರಲ್ಲಿ ಹಮಾಲಿಗಳಿದ್ದಾರೆ, ಮದುವೆ ಮನೆಯಲ್ಲಿ ಬಡಿಸುವವರಿದ್ದಾರೆ, ಆಸ್ಪತ್ರೆಯಲ್ಲಿ ರೋಗಿಯನ್ನು ಸೇರಿಸಿ ಹೊರಗೆ ಕಾಯುತ್ತಿರುವ ಮನೆಯವರಿದ್ದಾರೆ. ದುಡಿಮೆ ಇದೆ, ಬಾಡಿಗೆಗೆ ಸಾಲುವ ದುಡ್ಡಿಲ್ಲ. ಭಿಕ್ಷುಕರೇ ಆಗಿದ್ದರೂ ಮುಖ ಅವರದ್ದೇ ಅಲ್ವಾ? (ಮನೆ ಕಂದಾಯದ ಜೊತೆ ಭಿಕ್ಷುಕರ ಹೆಸರಲ್ಲಿ ಕರ ಕಟ್ಟುತ್ತೇವಲ್ಲ, ಅದು ಎಲ್ಲಿಗೆ ಹೋಗುತ್ತದೆ ಅಂತ ಕೇಳೋಕೆ ಯಾವ ಟೀಶರ್ಟೂ ಬರಲ್ಲ.)

ನಗರದ ಬಡವರಿಗಾಗಿ ಕೇಂದ್ರ ಸರ್ಕಾರದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ 2013ರಲ್ಲಿ ಬಂತು. ಒಂದು ಲಕ್ಷ ಜನಸಂಖ್ಯೆಗೆ ಮನೆಯಿಲ್ಲದ ಕನಿಷ್ಠ 100 ಮಂದಿ ಮಲಗುವ ವಸತಿ ಕೇಂದ್ರ ಇರಬೇಕು ಅನ್ನುವುದು ಅದರ ನಿಯಮವಾಗಿತ್ತು. 2011ರ ಜನಗಣತಿಯಲ್ಲೇ ಬೆಂಗಳೂರು 84 ಲಕ್ಷ. ಅಂದರೆ ಆ ಲೆಕ್ಕಕ್ಕೇ 8,400 ಜನಕ್ಕೆ ಜಾಗ ಬೇಕಿತ್ತು. ಎಲ್ಲಿದೆ ಅಂತ ವಾರ್ಡ್ ಆಫೀಸಿಗೆ ಹೋಗಿ ಕೇಳಿ, ಅದನ್ನು ವಿಡಿಯೋ ಮಾಡಿ. ನಾನೇ ಶೇರ್ ಮಾಡ್ತೀನಿ. ಆದರೆ ಆಫೀಸರ ಮುಖಕ್ಕೆ ಫ್ಲಾಶ್ ಬಿಡೋಕೆ ಧೈರ್ಯ ಬೇಕು, ಅಜ್ಜನ ಮುಖಕ್ಕಾದರೆ ಬೇಡ.

ಎಲ್ಲರೂ ಹೀಗೇ ಅನ್ನಲ್ಲ. ಗುರುವಾರ ರಾತ್ರಿ ಒಬ್ಬರು ಅಕ್ಕ ಸ್ಕೂಟರಲ್ಲಿ ಬರುತ್ತಾರೆ. ಹುಣ್ಣಿಗೆ ಡ್ರೆಸ್ಸಿಂಗ್ ಮಾಡುತ್ತಾರೆ, ಆಧಾರ್ ಇಲ್ಲದವರಿಗೆ ಅರ್ಜಿ ತುಂಬಿಕೊಡುತ್ತಾರೆ. ಮೂರು ವರ್ಷದಿಂದ ನೋಡುತ್ತಿದ್ದೇನೆ, ಅವರ ಹೆಸರೇ ನನಗೆ ಗೊತ್ತಿಲ್ಲ.

ಈಗ ಹೇಳಿಯೇ ಬಿಡುತ್ತೇನೆ. 2018ರಲ್ಲಿ ನಾನೂ ಇದೇ ಕೆಲಸ ಮಾಡಿದ್ದೆ. ಹುಟ್ಟುಹಬ್ಬಕ್ಕೆ ಅಂತ ಇದೇ ಫ್ಲೈಓವರ್ ಕೆಳಗೆ ನಲವತ್ತು ಊಟದ ಪೊಟ್ಟಣ, ಮೂವತ್ತು ಫೋಟೋ. ನಿಮ್ಮಲ್ಲೇ ಎಷ್ಟೋ ಜನ 'ದೊಡ್ಡ ಮನಸ್ಸು' ಅಂತ ಕಾಮೆಂಟ್ ಹಾಕಿದ್ದಿರಿ. ಅದರಲ್ಲಿ ಈ ಅಜ್ಜನೂ ಇದ್ದ. ಆಗ ಪರಿಚಯ ಇರಲಿಲ್ಲ. ಎರಡು ವರ್ಷ ಆದಮೇಲೆ, ಮಂಡಿಯಲ್ಲಿ ಟೀ ಕುಡಿಯುತ್ತಾ ಅವನೇ ಹೇಳಿದ: 'ಊರಾಗ ರೂಮ್ ಮಾಡ್ಕೊಂಡೀನಿ ಅಂತ ಹೇಳೀನ್ರಿ. ಯಾರೋ ಫೋಟೋ ಹಾಕಿದ್ರಂತ. ಅಳಿಯನ ಫೋನ್‌ನಾಗ ಮಗಳು ನೋಡಿದ್ಲು.'

ಯಾರೋ ನಾನೇ ಅಂತ ಅವನಿಗೆ ಇವತ್ತಿಗೂ ಹೇಳಿಲ್ಲ. ಪೋಸ್ಟ್ ಅಳಿಸಿದೆ, ಅಷ್ಟೇ.

ಬೆಳಗಿನ ಜಾವ ಅಜ್ಜ ಹೊಸ ರಗ್ಗು ಮಡಚಿಕೊಂಡು ಅಂಗಡಿಗೆ ಬಂದ. 'ಇದನ್ನ ಅಟ್ಟದ ಮ್ಯಾಲ ಇಡ್ರಿ ಸಾವ್ಕಾರ್ರ, ರೋಡಿನ್ಯಾಗ ಇಟ್ರ ಉಳಿಯಂಗಿಲ್ಲ' ಅಂದ. ಇಟ್ಟೆ. ಅಲ್ಲಿ ಆಗಲೇ ಹತ್ತಿದ್ದವು.